ಪಟ್ಟಿ ಬರೆದದ್ದು

ಅಕ್ಷರ ದುಂಡಗಿದೆಯೆಂದು ಪೆನ್ಸಿಲ್ಲು ನನ್ನ ಕೈಗೆ ಕೊಟ್ಟರು.
ಜಾಕಿಗಳ ರೇಷ್ಮೆ ಅಂಗಿ ಹೊಲಿಯುವವಳು ನಾನು, ನಲವತ್ತು ವರ್ಷದಿಂದ;
ಬಣ್ಣ ತೋರಿಸಿ, ಯಾವ ಲಾಯದ್ದೆಂದು ಹೇಳುತ್ತೇನೆ,
ಕುದುರೆಯ ಹಲ್ಲು ಮಾತ್ರ ಎಣಿಸಿದವಳಲ್ಲ.

ಪೋರ್ಟ್ ಲೂಯಿಯಲ್ಲಿ ಶನಿವಾರ ಸಂಜೆ. ರೇಸು ಮುಗಿದಿದೆ.
ಶಾಂ ದ ಮಾರ್ಸ್ ಮೈದಾನದಲ್ಲಿ ಹರಿದ ಟಿಕೀಟುಗಳ ಮೇಲೆ
ಸಿಗ್ನಲ್ ಗುಡ್ಡದ ನೆರಳು ಮೆಲ್ಲಗೆ ಮೈ ಚಾಚುತ್ತಿದೆ.
ಬಾದಾಮಿ ಮರದ ಕೆಳಗೆ ಮಡಿಸುವ ಮೇಜು,
ದಾಲ್ ಪುರಿಯ ಎಣ್ಣೆ ಕುಡಿದ ಕಾಗದ,
ಅರ್ಧ ಬಾಟಲಿ ರಮ್ಮು, ನಾಲ್ಕು ಮುದುಕರು, ಒಂದು ಪ್ರಶ್ನೆ:
ನಮ್ಮ ಕಾಲದ ಹತ್ತು ಕುದುರೆ ಯಾವುವು, ಯಾವುದರ ಹಿಂದೆ ಯಾವುದು?

"ನಮ್ಮ ಕಾಲ ಅಂದರೆ?" ಎಂದ ವೀರಾಪೆನ್. ಅಲ್ಲೇ ಒಂದು ಗಂಟೆ ಹೋಯಿತು.
ಚಂಡಮಾರುತಕ್ಕೆ ಲಾಯದ ತಗಡು ಹಾರಿಹೋದ ವರ್ಷದಿಂದ
ಕ್ವೊಂಗನ ಹೆಂಡತಿ ತೀರಿಕೊಂಡ ವರ್ಷದವರೆಗೆ, ಎಂದು ರಾಜಿಯಾಯಿತು.
ಇತಿಹಾಸ ಬರೆಯುವವರು ಬೇಕಾದರೆ ಬೇರೆ ಗೆರೆ ಎಳೆದುಕೊಳ್ಳಲಿ.

"ಸಾಲ್ಟ್ ಮರ್ಚೆಂಟ್ ಮೊದಲು," ಎಂದ ಗಾಯೆತಾಂ. "ಹತ್ತೊಂಬತ್ತು ಗೆದ್ದ."
"ಯಾರನ್ನು ಗೆದ್ದ? ಮೂರು ಕುಂಟು, ಒಂದು ಗಬ್ಬದ್ದು!
ಬ್ರೀಜ್ ದ್ಯು ಸ್ಯುದ್ ಬೆನ್ನ ಮೇಲೆ ಅರವತ್ತೆರಡು ಕಿಲೋ ಹೊತ್ತು
ಅರ್ಧ ಮೂಗಿನಲ್ಲಿ ಸೋತಳಲ್ಲ, ಆ ಸೋಲನ್ನು ಯಾವ ತಕ್ಕಡಿಗೆ ಹಾಕುತ್ತಿ?"
"ಸೋಲು ಸೋಲೇ. ಮೂಗಿಗೆ ಯಾರೂ ಕಪ್ ಕೊಡುವುದಿಲ್ಲ."
"ಇಲ್ಲಿ ಕೊನೆಯ ನೇರ ದಾರಿ ಇನ್ನೂರು ಚಿಲ್ಲರೆ ಮೀಟರು.
ಹಿಂದಿನಿಂದ ಬರುವವಳು ಮೈ ಬಿಚ್ಚುವುದರೊಳಗೆ ಊರೇ ಮುಗಿಯುತ್ತದೆ,
ಅದನ್ನು ಲೆಕ್ಕಕ್ಕೆ ಹಿಡಿ."
"ಹಿಡಿದರೆ ಕೆಸರನ್ನೂ ಹಿಡಿ." "ಹಿಡಿದೆ."
"ಜಾಕಿ ಕುಡಿದಿದ್ದನ್ನು?"
"ಕುದುರೆ ಕುಡಿದಿರಲಿಲ್ಲ!"

ರಬ್ಬರು ಸವೆಯಿತು. ಮೂರನೆಯವನು ಆರಕ್ಕಿಳಿದ, ಆರನೆಯವಳು ಎರಡಕ್ಕೇರಿದಳು.
ಕ್ವಾಯಟ್ ಅಂಕಲ್ ಎಂಬೊಂದು ಬಡಪಾಯಿ
ಬದುಕಿದ್ದಾಗ ಓಡಿದ್ದಕ್ಕಿಂತ ಹೆಚ್ಚು ಈ ಕಾಗದದ ಮೇಲೆ ಓಡಿತು.
ಅದನ್ನು ಸೇರಿಸಿದವನು ಕ್ವೊಂಗ್. ಕಾರಣ ಕೇಳಿದರೆ
"ಅವತ್ತು ಅವಳೂ ಬಂದಿದ್ದಳು" ಎಂದಷ್ಟೇ ಹೇಳಿ ಮಂಜುಗಡ್ಡೆ ಜಗಿದ.
ಯಾರೂ ಅಳಿಸು ಅನ್ನಲಿಲ್ಲ. ಒಂಬತ್ತರಲ್ಲಿ ಇಟ್ಟೆ.

ಕೊನೆಗೆ ಎಲ್ಲ ಜಗಳವೂ ಒಂದು ಅಂಕಿಯ ಕಾಲಿಗೆ ಬಿತ್ತು.
ನಾರ್ದರ್ನ್ ಲ್ಯಾಂಟರ್ನ್, ಸಾವಿರದೈನೂರು ಮೀಟರು,
ಒಂದು ನಿಮಿಷ ಮೂವತ್ತು ಸೆಕೆಂಡು, ಮೇಲೆ ಎರಡು ಹತ್ತಂಶ.
ಬೋರ್ಡಿನ ಬಣ್ಣ ಉದುರಿದೆ, ಅಂಕಿ ಉದುರಿಲ್ಲ.
"ಗಡಿಯಾರಕ್ಕೆ ಜಾತಿಯಿಲ್ಲ, ನೆಂಟರಿಲ್ಲ," ಎಂದ ಗಾಯೆತಾಂ.
ಅಪರೂಪಕ್ಕೆ ವೀರಾಪೆನ್ನನೂ ತಲೆಯಾಡಿಸಿದ.
ನಾನು ಒಂದು ಎಂದು ಬರೆದು, ಚುಕ್ಕಿಯಿಟ್ಟು,
ಹೆಸರಿನ ಮೊದಲಕ್ಷರಕ್ಕೆ ಪೆನ್ಸಿಲ್ಲು ಊರಿದೆ.

ಆಗ ಒಕ್ತಾವ್ ಕೆಮ್ಮಿದ.
ಇಡೀ ಸಂಜೆ ಒಂದು ಹೆಸರೂ ಹೇಳದವನು,
ಆ ಕಾಲದಲ್ಲಿ ಗೋಪುರದ ಮೇಲೆ ಕೂತು ಹೊತ್ತು ಅಳೆಯುತ್ತಿದ್ದವನು.
"ನಾನು ಗುಂಡಿ ಒತ್ತಲಿಲ್ಲ," ಎಂದ.
"ಅವನು ತಿರುವಿನಿಂದ ಹೊರಬಂದದ್ದು ನೋಡಿದೆ. ನೋಡುತ್ತ ನಿಂತುಬಿಟ್ಟೆ.
ಗೆರೆ ದಾಟಿದ, ಜನ ಟೊಪ್ಪಿ ತೂರಿದರು,
ಜಾಕಿ ನೆಟ್ಟಗಾಗಿ ಕುತ್ತಿಗೆ ತಟ್ಟಿದ,
ನನ್ನ ಹೆಬ್ಬೆರಳ ಕೆಳಗೆ ಮುಳ್ಳು ಓಡುತ್ತಲೇ ಇತ್ತು.
ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ,
ನಂಬಲೆಂದು ಬಾಲಕ್ಕೆ ಎರಡು ಹತ್ತಂಶ ಕಟ್ಟಿದೆ."

ಕೋಟೆಯ ಕಡೆ ಒಂದು ನಾಯಿ ಬೊಗಳಿ ಸುಮ್ಮನಾಯಿತು.

"ಹಾಗಾದರೆ ಪಟ್ಟಿಯಿಂದಲೇ ತೆಗೆ!" ವೀರಾಪೆನ್ ಮೇಜು ಗುದ್ದಿದ.
"ಹಾಗಾದರೆ ಅವನೇ ಮೊದಲು, ಇನ್ನೇನು ಸಾಕ್ಷಿ ಬೇಕು ನಿನಗೆ?"
ಗಾಯೆತಾಂ ಎದ್ದೇ ನಿಂತ. ರಮ್ಮು ಚೆಲ್ಲಿತು. ಎಲ್ಲ ಮತ್ತೆ ಮೊದಲಿನಿಂದ.
ಒಕ್ತಾವ್ ತನ್ನ ಹೆಬ್ಬೆರಳನ್ನು ಯಾರದೋ ಎಂಬಂತೆ ತಿರುಗಿಸಿ ನೋಡುತ್ತಿದ್ದ.

ಆ ರೇಸಿನ ಮರು ಸೋಮವಾರ ನನ್ನ ಅಂಗಡಿಗೆ ಒಂದು ಅಂಗಿ ಬಂದಿತ್ತು,
ಹಳದಿ ಮೈ, ಕಪ್ಪು ತೋಳು.
ಎರಡೂ ಬಗಲಲ್ಲಿ ಜೋಡಿ ಹೊಲಿಗೆ ಬಿಟ್ಟಿತ್ತು.
ನನ್ನ ದಾರ ಕೊಳೆತದ್ದೆಂದು ಲಾಯದವರು ಬೈದರು,
ಪುಕ್ಕಟೆ ಹೊಲಿದು ಕೊಟ್ಟೆ.
ಒಳ್ಳೆಯ ದಾರವದು. ಈಗಲೂ ಹೇಳಲಿಲ್ಲ.
ಯಾರೂ ಕೇಳಲಿಲ್ಲ,
ಪೆನ್ಸಿಲ್ಲಿನ ಮೊನೆ ಬೇರೆ ಮುರಿದಿತ್ತು.